ಗಾಳಿ ಕೇಳುವ ದೀಪ

ಬ್ಯಾಟರಿಯದನ್ನೇ ತೆಗೆದುಕೊಳ್ಳುವುದು ಎಂದು ಇರ್ಮೆಲಿ ಮನೆಯಿಂದ ಹೊರಡುವಾಗಲೇ ನಿರ್ಧರಿಸಿಬಿಟ್ಟಿದ್ದಳು. ಬ್ಯಾಟರಿಯ ದೀಪಕ್ಕೆ ಬೆಂಕಿಯಿಲ್ಲ, ಹೊಗೆಯಿಲ್ಲ. ಗುಂಡಿ ಒತ್ತಿದರೆ ಬೆಳಕು, ಮತ್ತೆ ಒತ್ತಿದರೆ ಕತ್ತಲು. ಅದು ಯಾರಿಗೂ ಏನೂ ಮಾಡುವುದಿಲ್ಲ. ಹೀಗೆ ಅಂದುಕೊಂಡಾಗಲೆಲ್ಲ ಎದೆಯೊಳಗೆ ಸ್ವಲ್ಪ ಸಡಿಲವಾಗುತ್ತಿತ್ತು, ಆದ್ದರಿಂದ ಬಸ್ ನಿಲ್ದಾಣದವರೆಗೂ ಅದನ್ನೇ ಅಂದುಕೊಳ್ಳುತ್ತ ನಡೆದಳು. ಶನಿವಾರ, ಬೆಳಿಗ್ಗೆ ಹತ್ತೂವರೆ. ಆಕಾಶ ಶಾಯಿ ಕದಡಿದ ನೀರಿನ ಹಾಗಿತ್ತು. ಹೆಪ್ಪುಗಟ್ಟಿದ ಇನಾರಿ ಸರೋವರದ ಈ ದಡದಲ್ಲಿ ಡಿಸೆಂಬರ್ ಮೊದಲಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣಿಸಲು ಇನ್ನೂ ಒಂದು ವಾರವಿತ್ತು. ಮಧ್ಯಾಹ್ನದ ಆಚೀಚೆ ಕೆಲವು ಗಂಟೆ ಹೀಗೆ ನೀಲಿಯಾಗಿದ್ದು ಮತ್ತೆ ಕಪ್ಪಾದರೆ ಅದೇ ಒಂದು ದಿನ. ಕಳೆದ ಭಾನುವಾರ ಕಾಫಿ ಮುಗಿಸಿ ಲೋಟ ತೊಳೆಯುತ್ತ ಅಕ್ಕ ವಿಯೆನೊ, ಏನೂ ಆಗಿಯೇ ಇರಲಿಲ್ಲ ಎಂಬಂತೆ ಹೇಳಿದ್ದಳು: “ಈ ಸಲ ಮದೆ ಮೀನು ಹಿಡಿಯೋಕೆ ಹೋಗೋಣ ಕಣೇ. ಡೇರೆ ನಂದು, ಬೈರಿಗೆ ನಂದು. ದೀಪ ನೀನು ತಾ. ಇವಾಲೊಗೆ ಹೋಗಿ ತಾ. ಆ ರೈಮೊ ಅಂಗಡಿ ಬೆಂಕಿಕಡ್ಡೀನೂ ನನ್ನ ಡೇರೆಯೊಳಗೆ ಬರಕೂಡದು.” ಇರ್ಮೆಲಿ ಹೂಂ ಅಂದಿದ್ದಳು. ಆಮೇಲೆ ಇಡೀ ವಾರ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಬಟಾಣಿ ಸಾರು ಬಡಿಸುತ್ತ, ಸೌಟು ಹಿಡಿದ ಬಲಗೈಯನ್ನು ಯಾರೋ ನೋಡುತ್ತಿದ್ದಾರೆ ಎಂದು ಅನ್ನಿಸುತ್ತಲೇ ಇತ್ತು.

ಇವಾಲೊದ ಬಸ್ಸು ಬಂತು. ಬಾಗಿಲು ತೆರೆದು ಬಿಸಿಗಾಳಿ ಮುಖಕ್ಕೆ ಹೊಡೆಯಿತು. “ಬರ್ತೀರೇನಮ್ಮ?” ಎಂದ ಚಾಲಕ. ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು. “ಇಲ್ಲ, ಸುಮ್ನೆ ನಿಂತಿದೀನಿ” ಎಂದುಬಿಟ್ಟಳು. ಸೊನ್ನೆಯ ಕೆಳಗೆ ಇಪ್ಪತ್ತೆಂಟರ ಚಳಿಯಲ್ಲಿ ಯಾರೂ ಸುಮ್ಮನೆ ನಿಂತಿರುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಅವಳ ಕಾಲಿನತ್ತ ನೋಡಿದ. ಅವಳು ಕಾಲು ಹಿಂದಕ್ಕೆ ತೆಗೆದಳು. ಬಸ್ಸು ಹೋದ ಮೇಲೆ ಆ ಹೊಗೆಯಲ್ಲಿ ನಿಂತು, ತನಗೆ ಏನಾಗಿದೆ ಎಂದು ಕೇಳಿಕೊಂಡಳು. ಉತ್ತರ ರಸ್ತೆಯ ಆ ಕಡೆಗಿತ್ತು. ರೈಮೊನ ಅಂಗಡಿಯ ಕಿಟಕಿಯಲ್ಲಿ ಹಳದಿ ಬೆಳಕಿತ್ತು, ಹೊರಗೆ ಒಂದೂ ವಾಹನವಿರಲಿಲ್ಲ. ಮೊದಲೆಲ್ಲ ಶನಿವಾರ ಅಲ್ಲಿ ಹಿಮದ ಸ್ಕೂಟರುಗಳು ಸಾಲಾಗಿ ನಿಂತಿರುತ್ತಿದ್ದವು. ಹತ್ತು ತಿಂಗಳಿಂದ ಊರಿನವರು ಒಂದು ಮೊಳೆ ಬೇಕಾದರೂ ನಲವತ್ತು ಕಿಲೋಮೀಟರ್ ದೂರದ ಇವಾಲೊಗೆ ಹೋಗುತ್ತಿದ್ದರು. ಹತ್ತು ತಿಂಗಳಿಂದ ಅವಳೂ ಆ ಬಾಗಿಲು ದಾಟಿರಲಿಲ್ಲ. ಎದುರಿಗೆ ರೈಮೊ ಬರುವುದು ಕಂಡರೆ ಚರ್ಚಿನ ಹಿಂದಿನ ದಾರಿ ಹಿಡಿಯುತ್ತಿದ್ದಳು. ಊರು ಅದನ್ನು ಅಕ್ಕನ ಮೇಲಿನ ಪ್ರೀತಿ ಎಂದುಕೊಂಡಿತ್ತು. ಅಂಚೆ ಕಚೇರಿಯಲ್ಲಿ ಯಾರೋ ಅವಳ ಭುಜ ಮುಟ್ಟಿ ಹಾಗೆಂದೇ ಹೇಳಿದ್ದರು. ಅವಳು ತಲೆ ತಗ್ಗಿಸಿದ್ದಳು. ಅದನ್ನೂ ದುಃಖವೆಂದುಕೊಂಡರು.

ಬಾಗಿಲ ಗಂಟೆ ಮೊದಲಿನಂತೆಯೇ ಬಾರಿಸಿತು. ರಬ್ಬರ್ ಬೂಟು, ಸೀಮೆಎಣ್ಣೆ, ಕಾಫಿ ಸೇರಿದ ಅದೇ ವಾಸನೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಎಂಬತ್ತು ದಾಟಿದ ಕಲೆರ್ವೊ ಅಜ್ಜ, ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಹೀರುತ್ತಿದ್ದ. ಅಂಗಡಿಯವನು ಪುಕ್ಕಟೆ ಕೊಡುವ ಆ ಕಾಫಿಯನ್ನು ಅವನು ಇಪ್ಪತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿದವನಲ್ಲ. ರೈಮೊ ತಲೆಯೆತ್ತಿದ. ಸ್ವೆಟರ್ ಹಳೆಯದೇ, ಒಳಗಿನ ಮನುಷ್ಯ ಮಾತ್ರ ಎರಡು ಅಳತೆ ಚಿಕ್ಕವನಾಗಿದ್ದ. ಇಬ್ಬರೂ ಒಂದೇ ತರಗತಿಯಲ್ಲಿ ಒಂಬತ್ತು ವರ್ಷ ಓದಿದವರು. ಅವಳ ಪೆನ್ಸಿಲ್ ಕದ್ದು ಸಿಕ್ಕಿಬಿದ್ದವನು ಅವನು.

“ಏನು ಬೇಕಿತ್ತು ನಿಮಗೆ?” ಎಂದ.

ಆ ‘ನಿಮಗೆ’ ಅವಳಿಗೆ ಬಾಗಿಲು ಮುಖಕ್ಕೆ ಮುಚ್ಚಿದ ಹಾಗಾಯಿತು. ಅದಕ್ಕೆ ತಾನು ಅರ್ಹಳೇ ಎಂದು ಗೊತ್ತಿದ್ದೂ ನೋವಾಯಿತು. ನೋಯುವ ಹಕ್ಕಾದರೂ ತನಗೆಲ್ಲಿದೆ ಎಂಬ ಯೋಚನೆ ಹಿಂದೆಯೇ ಬಂತು. “ಒಂದು ದೀಪ” ಎಂದಳು.

ಅವನು ಮೇಲಿನ ಹಲಗೆಯಿಂದ ನಾಲ್ಕು ದೀಪ ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದೊಂದರ ಧೂಳನ್ನೂ ತೋಳಿನಿಂದ ಒರೆಸಿದ. ಧೂಳು ದಪ್ಪವಾಗಿತ್ತು. “ಎಲ್ಲಿಗೆ?”

“ಹಿಮದ ಮೇಲಕ್ಕೆ. ಮದೆ ಹಿಡಿಯೋಕೆ. ಡೇರೆಯೊಳಗೆ.”

“ಎಷ್ಟು ಜನ?”

“ಇಬ್ಬರು.” ಇಬ್ಬರು ಯಾರು ಎಂದು ಅವನು ಕೇಳಲಿಲ್ಲ. ಅವನ ಕೈ ಮಾತ್ರ ಒಂದು ಗಳಿಗೆ ನಿಂತಿತು.

“ಬೆಳಕಿಗೋ, ಬಿಸಿಗೋ?”

ಬೆಳಕಿಗೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬ್ಯಾಟರಿಯದನ್ನು ಚೀಲಕ್ಕೆ ಹಾಕಿಕೊಂಡು ಹೊರಬೀಳಬಹುದಿತ್ತು. ಆದರೆ ಅವಳಿಗೆ ಅಕ್ಕನ ಬೆರಳುಗಳು ನೆನಪಾದವು. ಮೂವತ್ನಾಲ್ಕು ವರ್ಷ ಅಂಚೆಯ ಗಾಡಿ ಓಡಿಸುತ್ತ, ಕಿಟಕಿಯಿಂದ ಕೈ ಹೊರಗೆ ಚಾಚಿ ಸರೋವರದ ದಡದ ಪ್ರತಿಯೊಂದು ಪೆಟ್ಟಿಗೆಗೂ ಕಾಗದ ಹಾಕಿದ ಬೆರಳುಗಳು. ಎರಡರ ತುದಿ ಚಳಿಗೆ ಬಿಳಿಯಾಗಿ ಸತ್ತುಹೋಗಿದ್ದವು. ಗಾಳದಿಂದ ಮೀನು ಬಿಡಿಸುವಾಗ ಅವಳು ಆ ಬೆರಳುಗಳನ್ನು ಬಾಯಲ್ಲಿಟ್ಟು ಊದಿಕೊಳ್ಳುತ್ತಿದ್ದಳು. “ಎರಡಕ್ಕೂ” ಎಂದಳು ಇರ್ಮೆಲಿ.

“ಹಾಗಾದ್ರೆ ಇದು ಬೇಡ.” ಅವನು ಬ್ಯಾಟರಿಯ ದೀಪವನ್ನು ಪಕ್ಕಕ್ಕೆ ಸರಿಸಿದ, ಅವಳ ಇಡೀ ಬೆಳಗಿನ ನಿರ್ಧಾರವನ್ನು ಸರಿಸಿದ ಹಾಗೆ. “ಇದು ಡಬ್ಬಿ ಗ್ಯಾಸಿಂದು. ಹಚ್ಚೋದು ಸುಲಭ. ಆದ್ರೆ ಚಳಿ ಇಪ್ಪತ್ತು ದಾಟಿದ್ರೆ ಗ್ಯಾಸು ಮಂಕಾಗತ್ತೆ, ದೀಪ ಕುಟುಕುಟು ಅನ್ನತ್ತೆ. ಇವತ್ತು ಮೂವತ್ತಕ್ಕಿಳಿಯತ್ತಂತೆ. ಇದು ಬತ್ತಿ ಲಾಟೀನು. ಸಾಧು ದೀಪ. ಆದ್ರೆ ಇದರ ಬಿಸಿ ಒಂದು ಬೆಕ್ಕಿಗೆ ಸಾಕು, ಇಬ್ಬರು ಹೆಂಗಸರಿಗೆ ಸಾಲದು.” ಕೊನೆಯದನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿತ್ತಾಳೆಯ ಹೊಟ್ಟೆ, ಮೇಲೆ ಗಾಜು, ಗಾಜಿನೊಳಗೆ ರೇಷ್ಮೆಯ ಪುಟ್ಟ ಚೀಲದಂಥ ಮ್ಯಾಂಟಲ್. “ಪೆಟ್ರೋಮ್ಯಾಕ್ಸು. ಸೀಮೆಎಣ್ಣೆ ಹಾಕ್ಬೇಕು, ಸ್ಪಿರಿಟ್ಟಿನಿಂದ ಮೊದಲು ಕಾಯಿಸ್ಬೇಕು, ಪಂಪು ಹೊಡೀಬೇಕು. ಡೇರೆ ಒಳಗೆ ಕೋಟು ಬಿಚ್ಚಬಹುದು, ಅಷ್ಟು ಬಿಸಿ. ಆದ್ರೆ ಇದಕ್ಕೆ ಗಾಳಿ ಬೇಕು. ನಮ್ಮ ಹಾಗೇ ಉಸಿರಾಡತ್ತೆ ಇದು. ನಿಮ್ಮ ಡೇರೆಗೆ ಗಾಳಿ ಎಲ್ಲಿಂದ ಬರತ್ತೆ?”

“ಕೆಳಗಡೆ. ಬಾಗಿಲ ಹತ್ರ.”

“ಎಲ್ಲಿಂದ ಹೋಗತ್ತೆ?”

“ಮೇಲೆ ಒಂದು ಕಿಂಡಿ ಇದೆ.”

“ತೆರೆದಿರತ್ತಾ?”

ಅವನು ಚುಚ್ಚಲು ಕೇಳಿರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ಒಮ್ಮೆ ಬೆಂಕಿಯಲ್ಲಿ ಕೈ ಸುಟ್ಟುಕೊಂಡವರು ಮಕ್ಕಳಿಗೆ ಹೇಳುವಂತೆ, ಮಾರ್ಚಿನಿಂದ ಈಚೆಗೆ ಬಂದ ನಾಲ್ಕಾರು ಗಿರಾಕಿಗಳಿಗೆಲ್ಲ ಅವನು ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳಿರಬೇಕು. ಇರ್ಮೆಲಿಯ ಕುತ್ತಿಗೆಯ ಹಿಂದೆ ಆ ಮಾರ್ಚಿನ ಗಾಳಿ ಬೀಸಿತು. ಬಿಸಿಲಿತ್ತು ಆವತ್ತು, ಆದರೆ ಉತ್ತರದ ಗಾಳಿ ಡೇರೆಯ ತಲೆಯ ಮೇಲಿನ ಕಿಂಡಿಯಿಂದ ನೇರ ಅವಳ ಕತ್ತಿಗೆ ಸೂಜಿಯಂತೆ ಇಳಿಯುತ್ತಿತ್ತು. ಅಕ್ಕ ಬೆನ್ನು ಹಾಕಿ ಕುಳಿತು, ಸರೋವರದ ಹಿಮದಲ್ಲಿ ಕೊರೆದ ತೂತಿನಲ್ಲಿ ಗಾಳದ ದಾರ ನೋಡುತ್ತಿದ್ದಳು. ರೈಮೊನ ಅಂಗಡಿಯಿಂದ ಹೊಸದಾಗಿ ತಂದ ಗ್ಯಾಸ್ ಹೀಟರು ಇಬ್ಬರ ನಡುವೆ ಕೆಂಪಗೆ ಉರಿಯುತ್ತಿತ್ತು. ಇರ್ಮೆಲಿ ಎದ್ದು ತನ್ನ ಬೂದು ಶಾಲನ್ನು ಉಂಡೆ ಮಾಡಿ ಕಿಂಡಿಗೆ ತುರುಕಿದಳು. ಎರಡು ನಿಮಿಷದ ಕೆಲಸ. ಎಷ್ಟು ಹಿತವಾಗಿತ್ತು ಆಮೇಲೆ! ಹೊರಗಿನ ನಾಲ್ಕು ದಾರ ನೋಡಿಕೊಂಡು ಬರುತ್ತೇನೆಂದು ಹೋದವಳು, ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿ ನಿಂತಳು. ಸಂತೋಷವಾಗಿದ್ದಳು. ಅದನ್ನು ಅವಳು ಯಾರಿಗೂ ಹೇಳಲಾರಳು. ಅಕ್ಕ ಒಳಗೆ ಉಸಿರುಗಟ್ಟುತ್ತಿದ್ದ ಆ ಹೊತ್ತಿನಲ್ಲಿ ಅವಳು ಸಂತೋಷವಾಗಿದ್ದಳು. ಮರಳಿ ಬಂದಾಗ ವಿಯೆನೊ ತೂತಿನ ಅಂಚಿಗೆ ಮುಖವಿಟ್ಟು ಬಿದ್ದಿದ್ದಳು, ಟೋಪಿ ನೀರಿನಲ್ಲಿ ತೇಲುತ್ತಿತ್ತು. ಕಾಲು ಹಿಡಿದು ಹೊರಗೆ ಎಳೆದದ್ದು, ಕೂಗಿದ್ದು, ಫೋನು ಮಾಡಿದ್ದು, ಅಕ್ಕನ ಬಾಯಿಂದ ಹಬೆ ಬಂದಾಗ ಅತ್ತದ್ದು ಎಲ್ಲ ಊರಿಗೆ ಗೊತ್ತು. ರಕ್ಷಣಾ ಪಡೆಯ ಸ್ಕೂಟರಿನ ಸದ್ದು ದೂರದಲ್ಲಿ ಕೇಳಿದ ಕೂಡಲೇ ಎದ್ದು ಒಳಗೆ ಹೋಗಿ, ಕಿಂಡಿಯಿಂದ ಶಾಲನ್ನು ಎಳೆದು ಕೋಟಿನೊಳಗೆ ಸೇರಿಸಿಕೊಂಡದ್ದು ಅವಳಿಗೊಬ್ಬಳಿಗೇ ಗೊತ್ತು. ಆ ಕೈಗೆ ಅವಳು ಹೇಳಿರಲಿಲ್ಲ. ಅದು ತಾನಾಗಿಯೇ ಹೋಯಿತು. ಹೀಟರನ್ನು ಪರೀಕ್ಷಿಸಿದವರು ಕಾರಣ ಹೀಗೇ ಎಂದು ಹೇಳಲಾಗದು ಎಂದು ಬರೆದರು. ಊರು ಹೇಳಿತು. ಆಸ್ಪತ್ರೆಯಿಂದ ಬಂದ ವಿಯೆನೊ ಈ ಅಂಗಡಿಯ ನಡುವೆ ನಿಂತು ರೈಮೊನನ್ನು ಕೊಲೆಗಾರ ಎಂದು ಕರೆದಳು. ಆ ವಾರ ಇರ್ಮೆಲಿ ಹಬೆಸ್ನಾನದ ಸೌನಾದ ಒಲೆಗೆ ಶಾಲು ಹಾಕಿದಳು. ಉಣ್ಣೆ ಸರಿಯಾಗಿ ಉರಿಯುವುದಿಲ್ಲ. ಕೂದಲು ಸುಟ್ಟ ವಾಸನೆ ಮೂರು ದಿನ ಹೋಗಲಿಲ್ಲ.

“ತೆರೆದಿರತ್ತಾ ಅಂದೆ” ಎಂದ ರೈಮೊ.

“ಮುಚ್ಚಿತ್ತು” ಎಂದಳು. ದನಿ ಬೇರೆ ಯಾರದ್ದೋ ಎಂಬಷ್ಟು ಸಾದಾ ಆಗಿ ಬಂತು. “ಮಾರ್ಚಲ್ಲಿ. ನಾನೇ ಮುಚ್ಚಿದ್ದೆ. ಚಳಿಯಾಯ್ತು ಅಂತ ಶಾಲು ತುರುಕಿದ್ದೆ. ಜನ ಬರೋಕೆ ಮುಂಚೆ ತೆಗೆದುಬಿಟ್ಟೆ. ನಿನ್ನ ಹೀಟರಿಂದು ಏನೂ ತಪ್ಪಿರಲಿಲ್ಲ, ರೈಮೊ.”

ಕಾಫಿಯ ಯಂತ್ರ ಗೊಳಗೊಳ ಎಂದಿತು. ರೈಮೊ ದೀಪವನ್ನು ನಿಧಾನವಾಗಿ ಕೆಳಗಿಟ್ಟು, ಹಿಂದಿನ ಕೋಣೆಗೆ ಹೋದ. ಒಳಗೆ ತಗಡಿನ ಡಬ್ಬವೊಂದು ಗೋಡೆಗೆ ಬಡಿದ ಸದ್ದಾಯಿತು, ಬಿದ್ದದ್ದಲ್ಲ, ಎಸೆದದ್ದು. ಅವಳು ಓಡಿಹೋಗಬಹುದಿತ್ತು. ಕಾಲು ನೆಲಕ್ಕೆ ಅಂಟಿಕೊಂಡಿತ್ತು ಎಂದಲ್ಲ. ಹೋಗಬೇಕೆಂದು ಅನ್ನಿಸಲೇ ಇಲ್ಲ. ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಇರಬೇಕಾದ ಜಾಗದಲ್ಲಿ ನಿಂತಿದ್ದಳು. ರೈಮೊ ಹೊರಗೆ ಬಂದಾಗ ಕನ್ನಡಕ ಒರೆಸುತ್ತಿದ್ದ. ಕಣ್ಣು ಕೆಂಪಾಗಿತ್ತು.

“ಇನ್ನೊಂದ್ಸಲ ಹೇಳು” ಎಂದ.

ಹೇಳಿದಳು.

“ಗಟ್ಟಿಯಾಗಿ ಹೇಳು. ಕಲೆರ್ವೊ ಅಜ್ಜನಿಗೆ ಎಡಗಿವಿ ಕೇಳಲ್ಲ.”

“ಏನಂತೆ? ಏನಂತಾಳೆ ಅವಳು?” ಎಂದ ಅಜ್ಜ, ಬಲಗಿವಿಯನ್ನು ಇತ್ತ ತಿರುಗಿಸಿ.

ಅವಳು ಕೂಗಿ ಹೇಳಿದಳು. ಶಾಲೆಯ ಊಟದ ಕೋಣೆಯಲ್ಲಿ ನೂರು ಮಕ್ಕಳ ಗದ್ದಲದ ಮೇಲೆ ಕೂಗುವ ದನಿಯಲ್ಲಿ, ತನ್ನ ತಪ್ಪನ್ನು ಪದ ಪದ ಬಿಡಿಸಿ ಹೇಳಿದಳು. ಮುಖ ಕೆಂಡವಾಯಿತು. ಆದರೆ ಮೂರನೆಯ ಸಲ ಹೇಳುವಷ್ಟರಲ್ಲಿ ಆ ಮಾತು ಹಲ್ಲಿನ ನೋವಿನಂತೆ ಒಳಗೆ ಇರದೆ, ಕಿತ್ತ ಹಲ್ಲಿನಂತೆ ಎದುರಿಗೆ ಬಿದ್ದಿತ್ತು.

“ಶಾಲಾ? ಉಣ್ಣೇದಾ?”

“ಉಣ್ಣೇದು, ಅಜ್ಜ!”

“ಹಂಗಾದ್ರೆ ಇವನು ಕೊಂದಿಲ್ವಾ?”

“ಯಾರೂ ಸತ್ತೇ ಇಲ್ಲ, ಅಜ್ಜ!”

“ಹತ್ತು ತಿಂಗಳಿಂದ ನನ್ನ ಕಾಫಿ ಕುಡೀತಾ, ನಾನು ಕೊಲೆಗಾರ ಅಂತ್ಲೇ ಅಂದ್ಕೊಂಡಿದ್ರಾ?” ಎಂದ ರೈಮೊ.

“ಕಾಫಿ ಬೇರೆ, ಅದು ಬೇರೆ” ಎಂದು ಕಲೆರ್ವೊ ಅಜ್ಜ ಇನ್ನೊಂದು ಸಕ್ಕರೆ ತುಂಡು ಬಾಯಿಗೆ ಹಾಕಿಕೊಂಡು, ಕೋಟಿನ ಜೇಬಿನಲ್ಲಿ ಫೋನು ಹುಡುಕತೊಡಗಿದ.

ರೈಮೊ ನಗಲಿಲ್ಲ. “ನನ್ನ ಹೆಂಡತಿ ಚರ್ಚಿನಲ್ಲಿ ಹಾಡೋಕೆ ಹೋಗೋದು ಬಿಟ್ಟಳು. ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಗೊತ್ತಿತ್ತು” ಎಂದು ಅವನು ಆ ಮಾತನ್ನು ತೂಗಿ ನೋಡಿದ. ಕ್ಷಮಿಸಿದೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆದರೆ ‘ನೀವು’ ಹೋಗಿ ‘ನೀನು’ ಬಂದಿದೆ ಎಂದು ಅವಳಿಗೆ ಆಗ ಹೊಳೆಯಿತು. “ಸರಿ. ಯಾವುದು ಬೇಕು, ಆರಿಸ್ಕೋ. ನಾನು ಹೇಳಲ್ಲ.”

ಅವಳು ನಾಲ್ಕೂ ದೀಪಗಳನ್ನು ಈಗ ಮೊದಲ ಸಲ ನೋಡಿದಳು. ಬ್ಯಾಟರಿಯದು ತನ್ನನ್ನು ತಾನು ನಂಬದವರ ದೀಪ. ಬೆಳಗಿನಿಂದ ಅದನ್ನು ಬಯಸಿದ್ದು ಅಕ್ಕನ ರಕ್ಷಣೆಗಾಗಿ ಎಂದುಕೊಂಡಿದ್ದಳು. ಅಲ್ಲ, ಇನ್ನೊಮ್ಮೆ ತಪ್ಪು ಮಾಡುವ ಅವಕಾಶವೇ ತನಗೆ ಇರಬಾರದು ಎಂದು. ಪೆಟ್ರೋಮ್ಯಾಕ್ಸಿನ ಹಿತ್ತಾಳೆಯಲ್ಲಿ ಅವಳ ಮುಖ ಅಗಲವಾಗಿ, ಸ್ವಲ್ಪ ಮೂರ್ಖವಾಗಿ ಕಾಣುತ್ತಿತ್ತು. “ಇದನ್ನ ಹಚ್ಚಿಟ್ಟು ಮರೆಯೋಕಾಗಲ್ಲ, ಅಲ್ವಾ?”

“ಆಗಲ್ಲ. ಅರ್ಧ ಗಂಟೆಗೊಮ್ಮೆ ಒತ್ತಡ ಇಳಿಯತ್ತೆ, ಬೆಳಕು ಬಾಡತ್ತೆ. ಎದ್ದು ಪಂಪು ಹೊಡೀಬೇಕು. ಸುಯ್ ಅಂತಿರತ್ತೆ, ಆ ಸದ್ದಿನ ಮೇಲೆ ಒಂದು ಕಿವಿ ಇರ್ಬೇಕು. ಎದ್ದಾಗೆಲ್ಲ ಕಿಂಡೀನೂ ನೋಡ್ಕೊಬೇಕು.”

“ಇದೇ ಕೊಡು.”

ಅವನು ಹಚ್ಚುವುದನ್ನು ಎರಡು ಸಲ ತೋರಿಸಿದ, ಅವಳಿಂದ ಎರಡು ಸಲ ಮಾಡಿಸಿದ. “ಹೊರಗೆ ಹಚ್ಚು. ಜ್ವಾಲೆ ಹಳದಿ ಇರೋವರೆಗೂ ಒಳಗೆ ತರಬೇಡ. ಬೆಳ್ಳಗೆ ಆದ್ಮೇಲೇ.” ಬೆಲೆಯಲ್ಲಿ ಒಂದು ಸೆಂಟನ್ನೂ ಅವನು ಬಿಡಲಿಲ್ಲ. ಅದು ಅವಳಿಗೆ ಸಮಾಧಾನವಾಯಿತು.

ದೀಪದ ಪೆಟ್ಟಿಗೆಯನ್ನು ಎದೆಗವಚಿಕೊಂಡು ದಡದ ದಾರಿಯಲ್ಲಿ ಅವಳು ಹೆಚ್ಚುಕಡಿಮೆ ಓಡಿದಳು. ಕಲೆರ್ವೊನ ಫೋನಿಗಿಂತ ಮೊದಲು ಅಕ್ಕನ ಬಳಿ ತಲುಪಬೇಕಿತ್ತು, ತಲುಪಲಾರೆನೆಂದೂ ಗೊತ್ತಿತ್ತು. ಹಾಗಿದ್ದೂ ಮೈ ಹಗುರವಾಗಿತ್ತು. ತನಗೆ ನಾಚಿಕೆಯಾಗಬೇಕು ಎಂದುಕೊಂಡಳು. ನಾಚಿಕೆಯೂ ಇತ್ತು, ಆದರೆ ಅದು ಜೊತೆಯಲ್ಲಿ ನಡೆಯುತ್ತಿತ್ತು, ಹೆಗಲ ಮೇಲೆ ಕುಳಿತಿರಲಿಲ್ಲ. ಅಕ್ಕ ಇನ್ನು ತನ್ನನ್ನು ಮನೆಗೆ ಸೇರಿಸದಿದ್ದರೆ? ಅಮ್ಮ ಹೋದಾಗ ಇರ್ಮೆಲಿಗೆ ಹನ್ನೊಂದು, ವಿಯೆನೊಗೆ ಇಪ್ಪತ್ತು. ಜಡೆ ಹಾಕಿ ಶಾಲೆಗೆ ಕಳಿಸಿದವಳು, ಈಜು ಕಲಿಸಿದವಳು, ಮೊದಲ ಸಂಬಳದಲ್ಲಿ ಅವಳಿಗೆ ಕೆಂಪು ಬೂಟು ತಂದವಳು. ಆ ಬೂಟು ಕಚ್ಚುತ್ತಿತ್ತು, ಇರ್ಮೆಲಿ ಹೇಳಲಿಲ್ಲ, ಎರಡು ಚಳಿಗಾಲ ಕುಂಟಿದಳು. ಹೇಳದೆ ಇರುವುದರಲ್ಲಿ ತಾನು ಆಗಲೇ ಪಳಗಿದವಳು.

ವಿಯೆನೊ ಅಡುಗೆಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ಫೋನಿತ್ತು.

“ಕಲೆರ್ವೊ ಮಾಡಿದ್ದ” ಎಂದಳು.

“ಹೂಂ.”

“ಶಾಲಂತೆ.”

“ಹೌದಕ್ಕ.”

“ಯಾವ ಶಾಲು? ಆ ಬೂದು ಬಣ್ಣದ್ದಾ? ಅದು ಕಳೆದುಹೋಯ್ತು ಅಂದಿದ್ದೆ ನೀನು.” ವಿಯೆನೊನ ಕಣ್ಣು ತಂಗಿಯ ಕತ್ತಿಗೆ ಬಂತು. ಅಲ್ಲಿ ನೀಲಿ ಶಾಲಿತ್ತು. ಕಳೆದುಹೋಯಿತೆಂದು ಕೇಳಿ ಅವಳೇ ಒಂದು ತಿಂಗಳು ಕುಳಿತು ಹೆಣೆದುಕೊಟ್ಟದ್ದು. ಇರ್ಮೆಲಿಗೆ ಅದನ್ನು ಬಿಚ್ಚಬೇಕೋ, ಹಾಗೇ ಬಿಡಬೇಕೋ ತಿಳಿಯಲಿಲ್ಲ. ಕೈ ಅರ್ಧಕ್ಕೆ ಹೋಗಿ ನಿಂತಿತು. ಅಕ್ಕ ಒಲೆಯ ಹತ್ತಿರ ಹೋಗಿ ಅದರ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮಾರ್ಚಿನಿಂದ ಅವಳು ಹೀಗೆ ಮಾಡುತ್ತಿದ್ದಳು, ಹೊರಗೆ ಹೊರಡುವಾಗ ನಾಲ್ಕು ಸಲ, ಮಲಗುವ ಮುಂಚೆ ನಾಲ್ಕು ಸಲ. ವಯಸ್ಸಾಯಿತು ಎಂದುಕೊಂಡಿದ್ದಳು ಇರ್ಮೆಲಿ. ಕೈ ಈಗ ಮೂರನೆಯ ತಿರುಪಿನ ಮೇಲೆ ನಿಂತುಬಿಟ್ಟಿತು.

“ಆ ಹೀಟರಿಗೆ ಸಿಲಿಂಡರು ಕೂಡಿಸಿದ್ದು ನಾನು” ಎಂದಳು ವಿಯೆನೊ, ತಿರುಗದೆ. “ಕೊಳವೆ ಬಿಗಿಯೋ ಉಂಗುರ ತಿರುಗಿಸಿದ್ದು ನಾನು. ಬೆರಳಿಗೆ ಜುಮ್ಮು ಹಿಡಿದಿತ್ತು. ಸರಿಯಾಗಿ ಕೂತಿದೆಯೋ ಇಲ್ವೋ ಅಂತ ಗೊತ್ತಾಗಲಿಲ್ಲ. ಪರವಾಗಿಲ್ಲ ಅಂತ ಬಿಟ್ಟೆ. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ಮೊದಲು ಬಂದ ಯೋಚನೆ ಅದೇ. ನನ್ನ ಕೈಯಿಂದ ಆಯ್ತು. ನೀನು ಒಳಗಿದ್ದಿದ್ರೆ ನೀನೂ ಹೋಗ್ತಿದ್ದೆ. ಅದನ್ನ ತಡೆಯೋಕಾಗದೆ ಅವನ ಅಂಗಡಿಗೆ ಹೋಗಿ ಕಿರುಚಿದೆ.”

“ಅಕ್ಕ...”

“ಕಾರಿನ ಕೀಲಿ ಮುಟ್ಟಿಲ್ಲ ಅವತ್ತಿಂದ.”

“ಕಣ್ಣು ಮಂಜು ಅಂದಿದ್ದೆ ನೀನು.”

“ಸುಳ್ಳು ಹೇಳಿದ್ದೆ! ನಿಂಗೊಬ್ಬಳಿಗೇ ಬರತ್ತಾ ಸುಳ್ಳು?” ವಿಯೆನೊ ತಿರುಗಿದಳು. ಮುಖ ನೋಡಲಾಗದಷ್ಟು ಬಿಳಿಯಾಗಿತ್ತು. “ಕತ್ತೆ! ಹತ್ತು ತಿಂಗಳು! ಹತ್ತು ತಿಂಗಳು ನಾನು ಈ ಎರಡು ಕೈ ನೋಡ್ಕೊಂಡು, ಇವು ಇನ್ನು ಏನಕ್ಕೂ ಬರಲ್ಲ ಅಂತ... ಹೊರಗೆ ಹೋಗು. ಹೋಗು ಹೊರಗೆ!”

ಇರ್ಮೆಲಿ ಅಂಗಳಕ್ಕೆ ಬಂದು ನಿಂತಳು. ಮೂಗಿನ ಒಳಗಿನ ಕೂದಲು ಗರಿಗರಿಯಾಗುವ ಚಳಿ. ದೀಪದ ಪೆಟ್ಟಿಗೆ ಒಳಗೇ ಉಳಿದಿತ್ತು. ಆಯಿತು, ಇಷ್ಟೇ, ಎಂದುಕೊಂಡಳು. ಅದಕ್ಕೆ ಒಪ್ಪಿಕೊಳ್ಳಲು ಪ್ರಯತ್ನಿಸಿದಳು. ಅಕ್ಕ ತನ್ನನ್ನು ಹೊರಗೆ ಕಳಿಸಿದ್ದು ನ್ಯಾಯವೇ. ಆದರೆ ಆ ಬಿಳಿ ಮುಖದಲ್ಲಿ ಸಿಟ್ಟಿನ ಜೊತೆ ಇನ್ನೇನೋ ಇತ್ತು, ಅದೇನೆಂದು ಗೊತ್ತಾಗುವ ಮೊದಲೇ ಹೊರಬಂದುಬಿಟ್ಟಿದ್ದಳು. ಒಳಗೆ ಕಪಾಟು ತೆರೆದ ಸದ್ದು, ಮುಚ್ಚಿದ ಸದ್ದು. ಹಿಂಬದಿಯ ಬಾಗಿಲು. ಆಮೇಲೆ ಕಾರು ನಿಲ್ಲಿಸುವ ಕೊಟ್ಟಿಗೆಯಿಂದ ಎಂಜಿನ್ನು ಒಮ್ಮೆ ಕೆಮ್ಮಿ, ಸುಮ್ಮನಾಗಿ, ಮತ್ತೆ ಕೆಮ್ಮಿ, ಗುರ್ ಎಂದು ಎದ್ದಿತು. ಬ್ಯಾಟರಿ ಸಾಯದಿರಲಿ ಎಂದು ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿಡುತ್ತಿದ್ದವಳು ಇರ್ಮೆಲಿಯೇ. ಕಾರು ಅಂಗಳದ ಹಿಮವನ್ನು ಎರಡೂ ಕಡೆಗೆ ಎಸೆಯುತ್ತ ಬಂದು ಅವಳ ಕಾಲಿನ ಒಂದು ಗೇಣು ಹತ್ತಿರ ನಿಂತಿತು. ಹಿಂದಿನ ಸೀಟಿನಲ್ಲಿ ಡೇರೆ, ಬೈರಿಗೆ, ಸಲಾಕೆ, ಜಾರುಬಂಡಿ; ಮುಂದಿನ ಸೀಟಿನಲ್ಲಿ ದೀಪದ ಪೆಟ್ಟಿಗೆ. ಕಿಟಕಿ ಇಳಿಯಿತು.

“ಏನು ನೋಡ್ತಿದೀಯ? ಅದನ್ನ ತೊಡೆ ಮೇಲಿಟ್ಕೊಂಡು ಕೂತ್ಕೋ.”

ವಿಯೆನೊ ಅಂಚೆಯ ಗಾಡಿಯನ್ನು ಓಡಿಸುತ್ತಿದ್ದ ರೀತಿಯಲ್ಲೇ ಓಡಿಸಿದಳು, ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಸ್ವಲ್ಪ ಜಾರಲು ಬಿಟ್ಟು, ಮತ್ತೆ ಹಿಡಿದು. ಅವಳ ಬಿಳಿ ತುದಿಯ ಬೆರಳುಗಳು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದವು. ಮೂರನೆಯ ತಿರುವಿನಲ್ಲಿ ಕಾರು ಪೂರ್ತಿ ಅಡ್ಡವಾಗಿ, ಮತ್ತೆ ನೆಟ್ಟಗಾಯಿತು. “ಹಾ!” ಎಂದಳು ವಿಯೆನೊ, ತನಗೆ ತಾನೇ. ಇರ್ಮೆಲಿಗೆ ಆಗ ಅರ್ಥವಾಯಿತು: ಅಂಗಡಿಯಲ್ಲಿ ತಾನು ಮೂರು ಸಲ ಹೇಳಿದ್ದು ತನ್ನ ತಪ್ಪನ್ನು ಮಾತ್ರವಲ್ಲ, ಅಕ್ಕನಿಗೆ ಅವಳ ಕೈಗಳನ್ನು ಹಿಂದಕ್ಕೆ ಕೊಟ್ಟಿದ್ದಳು. ಮೊದಲೇ ಕೊಡಬಹುದಾಗಿತ್ತು. ಯಾವ ಬೆಳಿಗ್ಗೆ ಬೇಕಾದರೂ, ಕಾಫಿ ಕುಡಿಯುತ್ತ ಕೊಡಬಹುದಾಗಿತ್ತು. ಆದರೆ ಪಕ್ಕದಲ್ಲಿ ಅಕ್ಕ ಗೇರು ಬದಲಿಸುವ ಸದ್ದಿನಲ್ಲಿ ಎಂಥ ಪೊಗರಿತ್ತೆಂದರೆ, ಅಳು ಬರಲು ಅದು ಜಾಗವನ್ನೇ ಕೊಡಲಿಲ್ಲ.

ಹಿಮದ ಮೇಲೆ ತಲುಪುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ, ಪೂರ್ತಿ ಕತ್ತಲು. ಕೊರಳಿಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ವಿಯೆನೊ ಬೈರಿಗೆಯಿಂದ ಡೇರೆಯ ಜಾಗದಲ್ಲೊಂದು, ಹೊರಗೆ ನಾಲ್ಕು ತೂತು ಕೊರೆದು ಗಾಳದ ದಾರ ಇಳಿಸಿದಳು, ಇರ್ಮೆಲಿ ಡೇರೆ ಎಬ್ಬಿಸಿದಳು. ಡೇರೆ ನಿಂತದ್ದೇ ವಿಯೆನೊ ಮೀನಿನ ಚೂರಿ ತೆಗೆದು, ತಲೆಯ ಮೇಲಿನ ಕಿಂಡಿಗಿದ್ದ ಬಟ್ಟೆಯ ಮುಚ್ಚಳವನ್ನು ಸರ್ರನೆ ಕತ್ತರಿಸಿ ಎಸೆದಳು. “ಇನ್ನು ಮುಚ್ಚೋ ಮಾತೇ ಇಲ್ಲ” ಎಂದಳು. ಇರ್ಮೆಲಿ ಹೊರಗೆ ಮಂಡಿಯೂರಿ ದೀಪಕ್ಕೆ ಸೀಮೆಎಣ್ಣೆ ತುಂಬಿದಳು. ಸ್ಪಿರಿಟ್ಟಿನ ನೀಲಿ ಜ್ವಾಲೆ ಕೈಯ ಮರೆಯಲ್ಲಿ ಉರಿಯಿತು. ಅವಸರಪಟ್ಟು ಪಂಪು ಹೊಡೆದಳು. ಭಗ್ಗೆಂದು ಹಳದಿ ಬೆಂಕಿ ಮೇಲೆದ್ದು ಗಾಜು ಮಸಿಯಾಯಿತು, ಹುಬ್ಬು ಸುಟ್ಟ ವಾಸನೆ ಬಂತು.

“ರೈಮೊ ಏನು ಹೇಳಿದ್ದ?” ಎಂದಳು ವಿಯೆನೊ. ಆ ಹೆಸರನ್ನು ಅವಳು ಬೈಗುಳವಿಲ್ಲದೆ ಹೇಳಿದ್ದು ಮಾರ್ಚಿನ ನಂತರ ಇದೇ ಮೊದಲು.

“ಚೆನ್ನಾಗಿ ಕಾಯೋವರೆಗೂ ತಡ್ಕೋ ಅಂದಿದ್ದ.”

“ತಡ್ಕೋ ಮತ್ತೆ. ಬಾ, ಈ ಸಲ ಪಂಪು ನಾನು ಹೊಡೀತೀನಿ.”

ಗಾಜು ಒರೆಸಿ ಮತ್ತೆ ಶುರುಮಾಡಿದರು. ಸ್ಪಿರಿಟ್ಟು ಪೂರ್ತಿ ಉರಿದು ತೀರುವವರೆಗೆ ಇಬ್ಬರೂ ಹಿಮದ ಮೇಲೆ ಕುಳಿತು ಉಸಿರು ಬಿಗಿಹಿಡಿದು ನೋಡಿದರು. ವಿಯೆನೊ ಪಂಪಿನ ಹಿಡಿ ಎಳೆದು ತಳ್ಳಿದಳು, ಹತ್ತು ಸಲ, ಇಪ್ಪತ್ತು ಸಲ. ಮ್ಯಾಂಟಲ್ ಮೊದಲು ಕೆಂಪಾಯಿತು, ಅನುಮಾನಿಸಿತು, ಆಮೇಲೆ ಒಮ್ಮೆಲೇ ಬೆಳ್ಳಗೆ ಹೊತ್ತಿಕೊಂಡು ಸುಯ್ ಎಂದಿತು. ಸುತ್ತಲಿನ ಹಿಮ ಮೂವತ್ತು ಅಡಿ ದೂರದವರೆಗೆ ಮುಖ ತೋರಿಸಿತು. ಅವರಿಬ್ಬರ ನೆರಳು ಸರೋವರದ ಮೇಲೆ ಮಲಗಿತು. ದೀಪವನ್ನು ಒಳಗೆ ತೂಗುಹಾಕಿದಾಗ ಇರ್ಮೆಲಿಯ ಮೊಣಕಾಲಿಗೆ ಬಿಸಿ ತಟ್ಟಿತು. ಅದೇ ಹೊತ್ತಿಗೆ ತೆರೆದ ಕಿಂಡಿಯಿಂದ ಚಳಿ ಕತ್ತಿನ ಮೇಲೆ ಇಳಿಯಿತು. ಅವಳು ಶಾಲು ಸರಿಮಾಡಿಕೊಳ್ಳಲಿಲ್ಲ. ಇಳಿಯಲಿ ಎಂದುಕೊಂಡಳು. ಅಕ್ಕ ಕೈಗವಸು ಬಿಚ್ಚಿ, ಬೆರಳುಗಳನ್ನು ಗಾಜಿನ ಹತ್ತಿರ ಹಿಡಿದು, ಒಂದೊಂದಾಗಿ ಮಡಚಿ ಬಿಡಿಸಿ ನೋಡುತ್ತಿದ್ದಳು.

ಅರ್ಧ ಗಂಟೆಯಾಯಿತು. ಇರ್ಮೆಲಿ ಎದ್ದು ಪಂಪು ಹೊಡೆದಳು, ಕಿಂಡಿಗೆ ಅಂಗೈ ಇಟ್ಟು ಗಾಳಿ ನೋಡಿದಳು. ಮೀನು ಕಚ್ಚಲಿಲ್ಲ. “ಹೊರಗಿನ ನಾಲ್ಕು ದಾರ ನೋಡ್ಕೊಂಡು ಬಾ” ಎಂದಳು ವಿಯೆನೊ.

ಇರ್ಮೆಲಿ ಏಳಲಿಲ್ಲ. “ನೀನೂ ಬಾ.”

“ನಾನ್ಯಾಕೆ ಬರಲಿ? ಬೆಚ್ಚಗೆ ಕೂತಿದೀನಿ. ಹೋಗೇ.”

“ಅಕ್ಕ, ಬೇಡ. ಆಮೇಲೆ ಇಬ್ಬರೂ...”

“ಇರ್ಮೆಲಿ.” ವಿಯೆನೊ ದಾರದಿಂದ ಕಣ್ಣೆತ್ತಿ ನೋಡಿದಳು. ಸಿಟ್ಟು ಇನ್ನೂ ಅಲ್ಲೇ ಇತ್ತು; ಅದು ಬೇಗ ಹೋಗುವಂಥದ್ದಲ್ಲ. ಆದರೆ ಅದರ ಹಿಂದೆ ಅಕ್ಕ ಇದ್ದಳು. “ನೀನು ಆರಿಸಿ ತಂದ ದೀಪ. ನಾನು ಹಚ್ಚಿದ ದೀಪ. ಹೋಗು.”

ಅವಳು ಹೋದಳು. ಹತ್ತು ಹೆಜ್ಜೆಗೆ ದೀಪದ ಸುಯ್ಗುಡುವಿಕೆ ಸಣ್ಣದಾಯಿತು, ಇಪ್ಪತ್ತಕ್ಕೆ ನಿಂತೇಹೋಯಿತು. ನಿಂತದ್ದು ಸದ್ದೋ, ದೀಪವೋ? ತಿರುಗಿ ಓಡಬೇಕೆನ್ನಿಸಿತು. ಓಡಿದರೆ ಇನ್ನು ಬದುಕಿರುವವರೆಗೂ ಓಡುತ್ತಲೇ ಇರಬೇಕಾಗುತ್ತದೆ ಎಂದೂ ತಿಳಿಯಿತು. ಮೊದಲ ತೂತಿನ ಹತ್ತಿರ ಮಂಡಿಯೂರಿ ಮೇಲಿನ ಹಿಮದ ಪದರ ಒಡೆದು ದಾರ ಎಳೆದು ನೋಡಿದಳು, ಏನೂ ಇರಲಿಲ್ಲ. ಎರಡನೆಯದು. ಗಾಳದ ಮೀನಿನ ತುಂಡು ಕೆಳಗೆ ಬಿತ್ತು, ಕತ್ತಲಲ್ಲಿ ತಡಕಿ ಮತ್ತೆ ಚುಚ್ಚಿದಳು. ಮೂರನೆಯದು. ನಾಲ್ಕನೆಯದಕ್ಕೆ ಬಂದಾಗ ತಾನು ಅಷ್ಟು ಹೊತ್ತೂ ಹಿಂದಕ್ಕೆ ನೋಡಿರಲಿಲ್ಲವೆಂದು ಗೊತ್ತಾಯಿತು. ನೋಡಿದಳು. ಕಪ್ಪು ಸರೋವರದ ನಡುವೆ ಡೇರೆಯ ಬಟ್ಟೆ ಒಳಗಿನಿಂದ ಬೆಳಗಿ, ಕುಳಿತವಳ ನೆರಳು ಅದರ ಮೇಲೆ ಅಲುಗಾಡುತ್ತಿತ್ತು. ಅದು ಇದ್ದಕ್ಕಿದ್ದಂತೆ ಎದ್ದು ನಿಂತಿತು, ಬಗ್ಗಿತು, ಎರಡು ಕೈಯಿಂದ ಏನನ್ನೋ ಎಳೆಯಿತು.

“ಇರ್ಮೆಲೀ! ಎಲ್ಲಿ ಸತ್ತ್ಯೇ! ತೂತು ಸಾಲದು ಇದಕ್ಕೆ! ಸಲಾಕೆ ತಾರೇ, ದರಿದ್ರದವಳೇ, ಬೇಗ ತಾ!”

ಇಷ್ಟು ದೊಡ್ಡ ದನಿಯಲ್ಲಿ ಅಕ್ಕ ಅವಳನ್ನು ಬೈದು ಎಷ್ಟು ಕಾಲವಾಗಿತ್ತು! ಇರ್ಮೆಲಿ ಓಡಿದಳು, ಬಿದ್ದಳು, ಎದ್ದು ನಗುತ್ತ ಓಡಿದಳು. ತೂತಿನಲ್ಲಿ ಒಂದು ಅಗಲವಾದ ಚಪ್ಪಟೆ ತಲೆ ಸಿಕ್ಕಿಕೊಂಡಿತ್ತು, ಗದ್ದದ ಕೆಳಗೆ ಒಂಟಿ ಮೀಸೆ, ಬಾಯಿ ತೆರೆದುಕೊಂಡು ದೀಪವನ್ನೇ ನೋಡುತ್ತಿತ್ತು. ಒಬ್ಬಳು ದಾರ ಹಿಡಿದಳು, ಒಬ್ಬಳು ಸಲಾಕೆಯಿಂದ ಅಂಚು ಒಡೆದಳು, ಇಬ್ಬರೂ ಒಬ್ಬರನ್ನೊಬ್ಬರು ಬೈದರು. “ದಾರಕ್ಕೆ ಹೊಡೀಬೇಡ್ವೇ!” “ನೀನು ಕೈ ತೆಗಿ ಮೊದಲು!” ಕೊನೆಗೆ ಮೀನು ಬಕ್ಕೆಂದು ಹೊರಗೆ ಬಂದು ವಿಯೆನೊನ ತೊಡೆಯ ಮೇಲೆ ಬಿತ್ತು, ಅವಳು ಅದರ ಜೊತೆಗೆ ಹಿಂದಕ್ಕೆ ಬಿದ್ದಳು. ತೋಳಿನಷ್ಟು ದಪ್ಪ, ಹೊಟ್ಟೆ ತುಂಬ ಮೊಟ್ಟೆ. ವಿಯೆನೊ ಹಿಮದ ಮೇಲೆ ಅಂಗಾತ ಬಿದ್ದುಕೊಂಡೇ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಮೀನನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಎದ್ದು ಕುಳಿತಳು.

“ಅವನ ಅಂಗಡಿ ಎಷ್ಟು ಗಂಟೆಗೆ ಮುಚ್ಚೋದು?”

“ಐದಕ್ಕೆ.”

“ಹಾಗಿದ್ರೆ ಏಳು. ಡೇರೆ ಇಲ್ಲೇ ಇರ್ಲಿ. ಕಿರುಚೋಕೆ ಹೋಗಿದ್ದು ಮುಂಬಾಗಿಲಿಂದ; ಇದನ್ನ ತಗೊಂಡು ಹೋಗೋದೂ ಮುಂಬಾಗಿಲಿಂದ್ಲೇ. ಕಲೆರ್ವೊ ಇನ್ನೂ ಅಲ್ಲೇ ಕೂತಿರ್ಬೇಕು.”

“ರೈಮೊ ಮದೆ ತಿನ್ನಲ್ಲ, ಅಕ್ಕ. ಅದರ ಮುಖ ನೋಡಿದ್ರೆ ಅಸಹ್ಯ ಅಂತಾನೆ.”

“ಇವತ್ತು ತಿಂತಾನೆ” ಎಂದು ವಿಯೆನೊ ಮೀನನ್ನು ಜಾರುಬಂಡಿಗೆ ಹಾಕಿ, ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಹೊರಟೇಬಿಟ್ಟಳು. ಅವಳ ಹೆಜ್ಜೆ ಎಷ್ಟು ಬಿರುಸಾಗಿತ್ತೆಂದರೆ, ಉರಿಯುವ ದೀಪವನ್ನು ಎತ್ತಿ ಹಿಡಿದ ಇರ್ಮೆಲಿಗೆ ಅವಳ ಮುಂದೆ ಬೆಳಕು ಹಾಕಲು ಓಡಬೇಕಾಯಿತು.